ಹತ್ತನೇ ಮನೆಯ ಸರದಿ

ನಮ್ಮ ಬಡಾವಣೆಗೆ ಮೊದಲ ಸಲ ಬಂದವರು ಗೇಟಿನ ಹತ್ತಿರವೇ ನಿಂತು ಹೇಳುವ ಮಾತು ಒಂದೇ. "ಎಷ್ಟು ನಿಶ್ಶಬ್ದವಾಗಿದೆ ನಿಮ್ಮ ಕಡೆ." ಪೇಟೆಯ ಗದ್ದಲದಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತು ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಮೂವತ್ತೊಂದು ವರ್ಷದ ಹಿಂದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ಎಂಟು ಗಂಟೆ ಕಂಡವರ ದನಿ ಕೇಳಿ ಕೇಳಿ ಸಾಕಾಗಿದ್ದ ನಾನೂ ಈ ನಿಶ್ಶಬ್ದಕ್ಕೆ ಮನಸೋತೇ ಇಲ್ಲಿ ಮನೆ ಮಾಡಿದೆ. ಇಲ್ಲಿ ಕುಕ್ಕರಿನ ತಲೆಗೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಸೊಪ್ಪಿನವಳು ಕೂಗುವುದಿಲ್ಲ, ಗೇಟಿನ ಮೇಲೆ ಒಂದು ಕಟ್ಟು ದಂಟು ಇಟ್ಟು ಸುಮ್ಮನೆ ನಿಲ್ಲುತ್ತಾಳೆ, ಬೇಕಾದವರು ಹೊರಗೆ ಬರುತ್ತಾರೆ. ಸ್ಕೂಟರುಗಳನ್ನು ತಿರುವಿನಲ್ಲೇ ಆರಿಸಿ ತಳ್ಳಿಕೊಂಡು ಬರುತ್ತಾರೆ. ಯಾಕೆಂದರೆ ನಮ್ಮ ರಸ್ತೆಯ ಹನ್ನೊಂದು ಮನೆಗಳ ಪೈಕಿ ಯಾವುದೋ ಒಂದರಲ್ಲಿ, ಯಾವಾಗ ನೋಡಿದರೂ, ಒಬ್ಬರು ಮಲಗಿರುತ್ತಾರೆ. ಇಡೀ ರಸ್ತೆಯ ದಣಿವನ್ನು ಮೈಮೇಲೆ ಹಾಕಿಕೊಂಡು ಮಲಗಿರುತ್ತಾರೆ.

ಅದಕ್ಕೊಂದು ಮಣೆ ಇದೆ. ಹಳೆಯ ಹಲಸಿನ ಮರದ ಮಣೆ, ಒಂದು ಮೂಲೆ ಒಡೆದು ಹಿತ್ತಾಳೆಯ ಪಟ್ಟಿ ಹೊಡೆದದ್ದು. ದೀಪ ಹಚ್ಚುವ ಹೊತ್ತಿಗೆ ಸರದಿಯ ಮನೆಯಲ್ಲಿ ಒಬ್ಬರು ಅದರ ಮೇಲೆ ಕೂರಬೇಕು. ಉಳಿದವರು ತಮ್ಮ ಚಪ್ಪಲಿಗಳನ್ನು ಹೊಸ್ತಿಲಾಚೆ, ರಸ್ತೆಯ ಕಡೆಗೆ ಮುಖ ಮಾಡಿ, ತಮ್ಮ ಕೈಯಾರೆ ಇಡಬೇಕು. ಅಷ್ಟೇ. ಅರ್ಧ ಗಂಟೆಯಲ್ಲಿ ಎಲ್ಲರ ಮೈ ಹಗುರವಾಗುತ್ತದೆ, ಮಣೆಯ ಮೇಲೆ ಕೂತವರನ್ನು ಮಾತ್ರ ಇಬ್ಬರು ಹಿಡಿದು ಹಾಸಿಗೆಗೆ ಸೇರಿಸಬೇಕಾಗುತ್ತದೆ. ಮಾರನೆಯ ಸಂಜೆ ಅವರು ಎದ್ದು, ಮಣೆಯನ್ನು ಮುಂದಿನ ಮನೆಗೆ ತಾವೇ ಒಯ್ದು ಕೊಡುತ್ತಾರೆ. ಚಪ್ಪಲಿಯ ಮುಖ ಒಳಗಡೆಗಿದ್ದರೆ ದಣಿವು ಅವರವರ ಮನೆಯಲ್ಲೇ ಉಳಿಯುತ್ತದೆ. ಬೇಕೆಂದೇ ಹಾಗೆ ಇಡುವವರು ಯಾರಿದ್ದಾರೆ ಎಂದು ನಾವು ತಿಳಿದಿದ್ದೆವು.

ಸರದಿಯ ಮನೆಗೆ ಬಲಗಡೆಯವರು ಊಟ, ಎಡಗಡೆಯವರು ನೀರು. ಊಟವೆಂದರೆ ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು. ಆ ದಿನ ಅಗಿಯುವುದಕ್ಕೂ ದವಡೆ ಏಳುವುದಿಲ್ಲ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಮಲಗಿ ಸೂರು ನೋಡುವುದು. ಬೇರೆಯವರ ವಿಷಯ ನನಗೆ ತಿಳಿಯದು, ನಾನಂತೂ ಆ ದಿನವಿಡೀ ಯಾರದು ಯಾವುದು ಎಂದು ಗುರುತು ಹಿಡಿಯುತ್ತಿದ್ದೆ. ದನಿ ಕೇಳಿಯೇ ಯಾವ ಊರಿನ ಟ್ರಂಕ್ ಕಾಲ್ ಎಂದು ಹೇಳುತ್ತಿದ್ದವಳು ನಾನು, ಇದೂ ಅಂಥದ್ದೇ. ಒಂಬತ್ತನೇ ಮನೆಯ ಈರೇಗೌಡ ಬಸ್ ಡ್ರೈವರ್. ಅವನ ದಣಿವು ಬಲಗಾಲಿನ ಅಂಗಾಲಿಗೆ ಬಂದು ಕೂರುತ್ತಿತ್ತು. ಆರನೇ ಮನೆಯ ಪ್ರಭಾವತಿ ಮೇಷ್ಟ್ರಗಿತ್ತಿ, ಅವಳದು ಗಂಟಲಿಗೆ. ನನ್ನ ಪಕ್ಕದ, ಕೊನೆಯ ಮನೆಯ ಮೆಹರುನ್ನೀಸಾ ಬಟ್ಟೆ ಹೊಲಿಯುವವಳು. ಅವಳದು ಕುತ್ತಿಗೆಯ ಹಿಂಭಾಗಕ್ಕೆ, ಆಮೇಲೆ ಬಲಗೈಯ ಎರಡು ಬೆರಳಿಗೆ. ಯಾರದು ಹೆಚ್ಚಾಗಿದೆ ಎಂದು ತಿಳಿದರೆ ಎದ್ದ ಮೇಲೆ ಏನಾದರೂ ಸಣ್ಣಪುಟ್ಟದ್ದು ಮಾಡುವುದು. ಈರೇಗೌಡನ ಮನೆಗೆ ಎಳ್ಳೆಣ್ಣೆಯ ಬಾಟಲಿ, ಪ್ರಭಾವತಿಗೆ ಕಲ್ಲುಸಕ್ಕರೆ. ಹೆಸರು ಹೇಳುವ ಪದ್ಧತಿಯಿಲ್ಲ, ಕಾಂಪೌಂಡ್ ಮೇಲೆ ಇಟ್ಟು ಬರುವುದು. ನನ್ನ ಮಂಡಿ ಹಿಡಿದುಕೊಂಡಿದ್ದ ಒಂದು ಮಳೆಗಾಲದಲ್ಲಿ ನನ್ನ ಕಾಂಪೌಂಡಿನ ಮೇಲೂ ಬಿಸಿನೀರಿನ ಚೀಲವೊಂದು ಬಂದು ಕೂತಿತ್ತು. ಯಾರಿಟ್ಟರೆಂದು ಇವತ್ತಿಗೂ ಗೊತ್ತಿಲ್ಲ.

ಕಳೆದ ಕಾರ್ತಿಕದಲ್ಲಿ ನನ್ನ ಸರದಿ ಮುಗಿದ ಸಂಜೆ ನಾನು ಏಳಲಿಲ್ಲ. ಇನ್ನೂ ಒಂದು ದಿನ ಮಲಗಿದ್ದೆ. ಎಪ್ಪತ್ನಾಲ್ಕು ವರ್ಷದ ಮೈ, ಅದಕ್ಕೂ ಅದರದೇ ಲೆಕ್ಕಾಚಾರ. ಎದ್ದು ವಾರವಾಗಿರಲಿಲ್ಲ, ಸಂಘದ ಕಾರ್ಯದರ್ಶಿ ಶ್ರೀಪಾಲಯ್ಯನವರು ಮನೆಗೆ ಬಂದರು. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನೆಲ ಅಳೆಯುವ ಕಾಲದ ಉದ್ದನೆಯ ಪುಸ್ತಕದಲ್ಲೇ ಸರದಿಯ ಪಟ್ಟಿ ಬರೆಯುತ್ತಾರೆ, ಪೆನ್ಸಿಲ್ ಕಿವಿಯ ಮೇಲಿರುತ್ತದೆ.

"ವಾಗ್ದೇವಮ್ಮ, ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಿದಾರೆ," ಅಂದರು. "ಇನ್ನು ನಿಮ್ಮ ಮನೆಗೆ ಸರದಿ ಇಲ್ಲ. ನಿಮ್ಮ ಚಪ್ಪಲಿ ಮಾತ್ರ ಎಂದಿನಂತೆ ಹೊರಗಿಡಿ. ಆರಾಮಾಗಿರಿ."

ಅವರು ಅದನ್ನು ಹೇಳಿದ ರೀತಿಗೆ ನನಗೆ ಕಣ್ಣು ತುಂಬಿತು. ಬೇಡ ಅನ್ನಲಾಗಲಿಲ್ಲ. ನಿಜ ಹೇಳಬೇಕೆಂದರೆ ಬೇಡ ಅನ್ನುವ ಮನಸ್ಸೂ ಇರಲಿಲ್ಲ. ಅವರು ಪಟ್ಟಿಯಲ್ಲಿ ಹತ್ತು ಎಂಬ ಅಂಕಿಯ ಮುಂದೆ ನನ್ನ ಹೆಸರಿಗೆ ತೆಳ್ಳಗೆ ಒಂದು ಗೆರೆ ಎಳೆದರು. ಅಂದಿನಿಂದ ಮಣೆ ಒಂಬತ್ತನೇ ಮನೆಯಿಂದ ನೇರ ಹನ್ನೊಂದಕ್ಕೆ ಹೋಗತೊಡಗಿತು. ಹನ್ನೊಂದು ದಿನಕ್ಕೊಮ್ಮೆ ಬರುತ್ತಿದ್ದ ಸರದಿ ಎಲ್ಲರಿಗೂ ಹತ್ತು ದಿನಕ್ಕೊಮ್ಮೆ ಬರತೊಡಗಿತು.

ದಿನವೂ ಹಗುರವಾಗಿ ಏಳುವುದು ಮೊದಮೊದಲು ಚೆನ್ನಾಗಿಯೇ ಇತ್ತು. ಎದ್ದು ಕಾಫಿ ಮಾಡಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದೆ. ಕೂತೇ ಇರುತ್ತಿದ್ದೆ. ಎಲ್ಲರೂ ಹೋಗುವಾಗ ನಗುತ್ತಿದ್ದರು, "ಹೇಗಿದೀರಿ" ಅನ್ನುತ್ತಿದ್ದರು, ನಾನೂ ಕೇಳುತ್ತಿದ್ದೆ, "ಚೆನ್ನಾಗಿದೀವಿ" ಅನ್ನುತ್ತಿದ್ದರು. ಆದರೆ ಈರೇಗೌಡನ ಅಂಗಾಲು ಈಗ ಹೇಗಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಪ್ರಭಾವತಿ ಗಂಟಲು ಸರಿಪಡಿಸಿಕೊಂಡರೆ ಅದು ಶೀತವೋ ಪಾಠದ ದಣಿವೋ ಗೊತ್ತಾಗುತ್ತಿರಲಿಲ್ಲ. ಯಾರ ಕಾಂಪೌಂಡಿನ ಮೇಲೆ ಏನಿಡಬೇಕೆಂದೇ ತೋಚುತ್ತಿರಲಿಲ್ಲ. ನನಗೂ ಯಾರೂ ಮೆತ್ತಗಿನ ಅನ್ನ ತರುತ್ತಿರಲಿಲ್ಲ. ತರುವ ಕಾರಣವೇ ಇರಲಿಲ್ಲವಲ್ಲ. ಮಣೆ ನನ್ನ ಗೇಟಿನ ಮುಂದೆ ಹಾದು ಹೋಗುವ ಸಂಜೆ ನಾನು ಒಳಗೆ ಹೋಗಿ ದೀಪದ ಬತ್ತಿ ಸರಿಮಾಡುವವಳಂತೆ ನಿಂತಿರುತ್ತಿದ್ದೆ.

ಆಷಾಢದ ಒಂದು ಮಧ್ಯಾಹ್ನ ಮೆಹರುನ್ನೀಸಾ ಹೊಲಿದುಕೊಟ್ಟ ರವಿಕೆ ತೊಡಲು ಹೋದೆ. ಬಲಗೈ ಇಳಿಯಲಿಲ್ಲ. ಬಿಚ್ಚಿ ನೋಡಿದರೆ ಎರಡೂ ತೋಳು ಎಡಗೈಯವೇ. ಇಪ್ಪತ್ತು ವರ್ಷದಿಂದ ಅವಳೇ ನನ್ನ ಬಟ್ಟೆ ಹೊಲಿಯುವುದು. ಒಂದು ಗುಂಡಿ ಅರ್ಧ ಬೆರಳು ಆಚೀಚೆಯಾದರೆ ತಾನೇ ಬಿಚ್ಚಿ ಹಾಕುವವಳು. ಗಂಡ ತೀರಿಕೊಂಡ ವಾರವೂ ಅವಳ ಕತ್ತರಿ ತಪ್ಪಿರಲಿಲ್ಲ. ರವಿಕೆಯನ್ನು ಮಡಚಿ ಇಟ್ಟುಕೊಂಡು ಸಂಜೆಯಾಗಲೆಂದು ಕಾದೆ. ಅವತ್ತು ಮಣೆ ಈರೇಗೌಡನ ಮನೆಗೆ ಬರುವ ದಿನ.

ದೀಪ ಹಚ್ಚಿದ ಮೇಲೆ, ನನ್ನ ಚಪ್ಪಲಿಯನ್ನು ಹೊರಗಿಟ್ಟು, ಬರಿಗಾಲಿನಲ್ಲೇ ಪಕ್ಕದ ಮನೆಗೆ ಹೋದೆ. ಅವಳ ಹೊಸ್ತಿಲ ಹೊರಗೆ ಚಪ್ಪಲಿಗಳಿದ್ದವು. ಎರಡರ ಮುಖವೂ ಮನೆಯ ಒಳಗಡೆಗಿತ್ತು.

ಮೆಹರುನ್ನೀಸಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸುತ್ತ ಯಾವುದೋ ಶಾಲೆಯ ನೀಲಿ ಸಮವಸ್ತ್ರದ ರಾಶಿ. ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಪಕ್ಕದಲ್ಲೇ ಹೋಗಿ ಹೋಗಿ ಬರುತ್ತಿತ್ತು.

"ಚಪ್ಪಲಿ ಯಾಕೆ ಹಾಗಿದೆ ಮೆಹರು?"

"ಮರೆತೆ ಅಮ್ಮ."

"ಎಷ್ಟು ದಿನದಿಂದ ಮರೀತಿದ್ದೀಯ?"

ಅವಳು ದಾರವನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಂಡಳು. "ನಲವತ್ತು ಆಗಿರಬೇಕು. ಪ್ರಭಾವತಮ್ಮ ಮೀಟಿಂಗಲ್ಲಿ ಅಂದ್ರಲ್ಲ, ಈಗೀಗ ಮಣೆ ಬಹಳ ಭಾರ, ಯಾರೋ ಹಗಲೂ ರಾತ್ರಿ ದುಡಿದು ತಂದು ನಮ್ಮ ಕುತ್ತಿಗೆ ಮೇಲೆ ಹಾಕ್ತಾರೆ ಅಂತ. ಕುತ್ತಿಗೆ ಅಂದ್ರು ಅಮ್ಮ. ಈ ಬೀದೀಲಿ ಕುತ್ತಿಗೆ ಬಗ್ಗಿಸಿ ದುಡಿಯೋಳು ನಾನೊಬ್ಬಳೇ."

"ಅವಳು ಬೇಕೂಂತ ಅಂದಿರಲ್ಲ ಕಣೆ."

"ಇಲ್ಲ. ಅದೇ ನೋಡಿ ಕಷ್ಟ. ಬೇಕೂಂತ ಅಂದಿದ್ರೆ ಜಗಳ ಆಡಿ ಮುಗಿಸಬಹುದಿತ್ತು."

ನಾನು ಸಮವಸ್ತ್ರಗಳನ್ನು ಸರಿಸಿ ಚಾಪೆಯ ಮೇಲೆ ಕೂತೆ. ಮಣೆ ಭಾರವಾದದ್ದು ಇವಳ ಹೊಲಿಗೆಯಿಂದಲ್ಲ. ನನ್ನ ಹೆಸರು ತೆಗೆದಿದ್ದರಿಂದ. ಹನ್ನೊಂದು ದಿನಕ್ಕೊಮ್ಮೆ ಮಲಗುತ್ತಿದ್ದ ಮೈ ಹತ್ತು ದಿನಕ್ಕೇ ಮತ್ತೆ ಮಲಗಬೇಕಾಗಿತ್ತು. ಎಲ್ಲರಿಗೂ ಒಂದೊಂದು ದಿನ ಕಡಿಮೆಯಾಗಿತ್ತು, ಆ ಒಂದು ದಿನ ಎಲ್ಲಿ ಹೋಯಿತೆಂದು ಯಾರೂ ಯೋಚಿಸಿರಲಿಲ್ಲ. ನಾನು ಜಗುಲಿಯಲ್ಲಿ ಕೂತು ಅದನ್ನು ಅನುಭವಿಸುತ್ತಿದ್ದೆ.

"ಸರದಿಗೂ ಕೂತಿದ್ದೀಯಲ್ಲ, ಇದನ್ನೂ ಇಟ್ಟುಕೊಂಡು?"

"ಮೂರು ಸಲ. ಹೋದ ಸಲ ಎದ್ದಮೇಲೂ ಇವೆರಡು ಬೆರಳು ಏಳಲಿಲ್ಲ." ಅವಳು ಬಲಗೈ ಎತ್ತಿ ತೋರಿಸಿದಳು, ಅಂಗಡಿಯಲ್ಲಿ ಬಟ್ಟೆಯ ಅಂಚು ತೋರಿಸುವಂತೆ. "ನಾಳೆ ಮತ್ತೆ ನಂದೇ."

ನಮಗಿಬ್ಬರಿಗೂ ಗುರುಶಾಂತಪ್ಪನ ನೆನಪಾಗಿರಬೇಕು. ನಾಲ್ಕನೇ ಮನೆಯಲ್ಲಿದ್ದ ಬಡಗಿ. ಹೆಂಡತಿ ಸತ್ತಾಗ ತನ್ನ ದಣಿವನ್ನು ಯಾರಿಗೂ ಕೊಡಲೊಲ್ಲದೆ ಎರಡು ತಿಂಗಳು ಇಟ್ಟುಕೊಂಡ. ಹಾಗೇ ಸರದಿಗೆ ಕೂತ. ಎದ್ದದ್ದು ಮೂರು ವಾರದ ಮೇಲೆ. ಬಲಗೈ ಆಮೇಲೆ ಉಳಿ ಹಿಡಿಯಲೇ ಇಲ್ಲ. ನಾನು ಅವಳ ಎರಡು ಬೆರಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಬೆಳಿಗ್ಗೆ ಕಲಸಿಟ್ಟ ಹಿಟ್ಟಿನಂತೆ ತಣ್ಣಗಿದ್ದವು.

"ಈಗಲೇ ತಿರುಗಿಸು ಚಪ್ಪಲಿ."

"ಈಗ ಅಲ್ಲಿ ಈರೇಗೌಡರು ಕೂತಾಗಿದೆ. ನಲವತ್ತು ದಿನದ್ದು ಅವರ ಮೇಲೆ ಹಾಕಲಾ? ನಾಡಿದ್ದು ಬೆಳಿಗ್ಗೆ ಬಸ್ಸು ಓಡಿಸೋರು ಅವರು. ಬಿಡಿ ಅಮ್ಮ. ರವಿಕೆ ತಂದಿದ್ರಾ? ಇಟ್ಟುಹೋಗಿ, ಸರಿ ಮಾಡ್ತೀನಿ."

ನಾನು ರವಿಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಸುಮ್ಮನೆ ಮಾತಾಡಿಸಲು ಬಂದೆ ಅಂದೆ.

ಮರುದಿನ ಬೆಳಿಗ್ಗೆ ಶ್ರೀಪಾಲಯ್ಯನವರ ಮನೆಗೆ ಹೋದೆ. ಅವರು ಅಂಗಳದಲ್ಲಿ ತುಳಸಿಯ ಒಣಗಿದ ತೆನೆ ಬಿಡಿಸುತ್ತಿದ್ದರು.

"ನನ್ನ ಹೆಸರು ಮತ್ತೆ ಬರೀರಿ," ಅಂದೆ. "ಇವತ್ತಿನಿಂದಲೇ."

"ಯಾಕೆ, ಯಾರಾದರೂ ಏನಾದರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಎಂಟು ತಿಂಗಳಾಯಿತು, ಯಾರೂ ಏನೂ ಅಂದೇ ಇಲ್ಲ."

ಅವರು ತೆನೆಗಳನ್ನು ಅಂಗೈಯಲ್ಲಿ ಉಜ್ಜಿ ಊದಿದರು. "ನೀವು ಆ ಎರಡನೇ ದಿನ ಮಲಗಿದ್ರಲ್ಲ, ನಾನು ನಿಮ್ಮ ಗೇಟಿನ ಹತ್ತಿರ ಒಂಬತ್ತು ಸಲ ಬಂದು ಹೋದೆ. ಒಳಗೆ ಬರೋ ಧೈರ್ಯ ಆಗಲಿಲ್ಲ. ಒಂಬತ್ತು ಸಲ. ನಮ್ಮ ಮನೆಯವಳು ಬೈದಳು, ಸರಪಳಿ ಹಿಡಿದು ರಸ್ತೆ ಅಳೀತಿದ್ದೀರಾ ಅಂತ. ಮತ್ತೆ ಆ ಕೆಲಸ ನನ್ನಿಂದ ಮಾಡಿಸಬೇಡಿ."

"ನಾನು ಸತ್ತರೆ ನಿಮ್ಮ ತಪ್ಪಲ್ಲ ಅಂತ ಬರೆದುಕೊಡ್ತೀನಿ."

"ಎಕ್ಸ್‌ಚೇಂಜಿನವರ ಬಾಯಿಗೆ ನಾನು ಎದುರಾಗಲಾರೆ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆಗಲ್ಲ ವಾಗ್ದೇವಮ್ಮ," ಅಂದರು.

ಆಗ ನಾನು ಮೆಹರುನ್ನೀಸಾಳ ಚಪ್ಪಲಿಯ ವಿಷಯ ಹೇಳಿದೆ. ಅವರು ಕೇಳುತ್ತಾ ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಇಟ್ಟರು. "ಅವಳ ಸರದಿ ಮುಂದೆ ಹಾಕೋಣ," ಅಂದರು. ಮುಂದೆ ಹಾಕಿದರೆ ನಲವತ್ತು ದಿನ ಐವತ್ತಾಗುತ್ತದೆ, ಅಷ್ಟೇ. ಅದು ಅವರಿಗೂ ಗೊತ್ತಿತ್ತು. ನಾನು ಮತ್ತೇನೂ ಕೇಳದೆ ಬಂದುಬಿಟ್ಟೆ. ಬರುವಾಗ ಅವರ ಹೆಂಡತಿ ಕೈಗೆ ನಾಲ್ಕು ಮೆಣಸಿನ ಸಂಡಿಗೆ ಕೊಟ್ಟಳು. ನಿರಾಸೆಯಾದವರಿಗೆ ಏನಾದರೂ ಕೊಟ್ಟೇ ಕಳಿಸುವ ಮನೆ ಅದು.

ಸಂಜೆ ಮನೆ ಗುಡಿಸಿ, ಹಾಸಿಗೆ ಹಾಸಿ, ತಲೆದಿಂಬಿನ ಹತ್ತಿರ ನೀರಿನ ಚೊಂಬಿಟ್ಟು ಗೇಟಿನಲ್ಲಿ ನಿಂತೆ. ಈರೇಗೌಡ ತನ್ನ ಮನೆಯಿಂದ ಮಣೆ ಎತ್ತಿಕೊಂಡು ಬಂದ. ಒಂದು ದಿನ ಮಲಗಿ ಎದ್ದ ಮುಖ ಊದಿಕೊಂಡಿತ್ತು.

"ಗೌಡ್ರೇ, ಅದನ್ನ ಒಂದು ಗಳಿಗೆ ನನ್ನ ಜಗುಲಿ ಮೇಲೆ ಇಡಿ."

ಅವನು ನನ್ನನ್ನು ನೋಡಿದ, ಹಿಂದೆ ಬೀದಿಯನ್ನು ನೋಡಿದ. "ಯಾಕವ್ವ?"

"ನಿಮ್ಮ ಕೈ ನೋಯ್ತಿರಬೇಕು."

ಬಸ್ಸಿನ ದೊಡ್ಡ ಸ್ಟೀರಿಂಗ್ ತಿರುಗಿಸುವ ಕೈ ಅದು. ಅವನು ಮಣೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿಕೊಂಡ. "ಶ್ರೀಪಾಲಯ್ನೋರು ಕೇಳುದ್ರೆ?"

"ಕೈ ನೋಯ್ತಿತ್ತು ಅನ್ನಿ."

"ನೋಯ್ತಾನೂ ಅದೆ ಬುಡಿ," ಎಂದು ಅವನು ಮೆಟ್ಟಿಲು ಹತ್ತಿ, ಮಣೆಯನ್ನು ಗೋಡೆಗೆ ಒತ್ತಿ ಇಟ್ಟ. ಬೆನ್ನಿಗೆ ಆಸರೆಯಿರಲೆಂದು. ನಾನು ಅದರ ಮೇಲೆ ಕೂತೆ. ಎಂಟು ತಿಂಗಳ ಮೇಲೆ ಆ ಹಿತ್ತಾಳೆಯ ಪಟ್ಟಿ ತೊಡೆಗೆ ತಣ್ಣಗೆ ತಾಗಿತು.

ಮೆಹರುನ್ನೀಸಾ ಮಣೆಗಾಗಿ ಬಾಗಿಲಲ್ಲಿ ಕಾಯುತ್ತಿದ್ದಳು. ಮಧ್ಯದ ಗಿಡ್ಡ ಗೋಡೆಯ ಹತ್ತಿರ ಬಂದು ನಿಂತಳು. "ಏಳಿ ಅಮ್ಮ. ತಮಾಷೆ ಮಾಡೋ ವಯಸ್ಸಾ ಇದು?"

"ಚಪ್ಪಲಿ ತಿರುಗಿಸು ಬಾ."

"ಒಂದು ದಿನದ್ದಲ್ಲ. ನಿಮಗೇನಾದರೂ ಆದರೆ ನಾನು ಯಾವ ಮುಖ ಇಟ್ಕೊಂಡು ಈ ಬೀದೀಲಿರಲಿ?"

"ಮೆಹರು, ಗೋಡೆಯ ಈಚೆಗೇ ಇದ್ದೀನಿ ನಾನು. ನಲವತ್ತು ದಿನ ನಿನ್ನ ಕುತ್ತಿಗೆ ಹೀಗಿತ್ತು, ನನಗೆ ತಿಳೀಲಿಲ್ಲ. ರವಿಕೆಯ ತೋಳು ನೋಡಿ ತಿಳೀಬೇಕಾಯ್ತು. ನನ್ನ ಸರದಿ ಇದ್ದಿದ್ದರೆ ಮೊದಲನೇ ಸಲವೇ ನಿಂದು ಬಂದಿಲ್ಲ ಅಂತ ಗೊತ್ತಾಗ್ತಿತ್ತು. ನನಗೆ ಯಾರೂ ಏನೂ ಮಾಡಬೇಡಿ. ಇದೊಂದು ಕೊಡು."

ಈರೇಗೌಡ ಮೆಟ್ಟಿಲ ಮೇಲೆ ಕೂತು ಅಂಗಾಲು ಒತ್ತಿಕೊಳ್ಳುತ್ತಾ, "ತಿರುಗ್ಸವ್ವ. ಈ ಯಮ್ಮ ಎದ್ದೇಳಕಿಲ್ಲ. ಹತ್ತಿದ ಮೇಲೆ ಇಳಿಸಕ್ಕಾಗದ ಪ್ಯಾಸೆಂಜರ್ ಗುರುತು ನಂಗೈತೆ," ಅಂದ. ಮೆಹರುನ್ನೀಸಾ ನಗಲು ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಸ್ತಿಲಿಗೆ ಹೋಗಿ ಬಗ್ಗಿದಳು. ಬಗ್ಗುವಾಗ ಗೋಡೆ ಹಿಡಿದುಕೊಂಡಳು. ಒಂದೊಂದೇ ಚಪ್ಪಲಿ ತಿರುಗಿಸಿ ಇಟ್ಟಳು.

ಅಷ್ಟರಲ್ಲಿ ಶ್ರೀಪಾಲಯ್ಯನವರು ಬೀದಿಯ ಆ ತುದಿಯಿಂದ ಬರುವುದು ಕಂಡಿತು. ಪುಸ್ತಕ ಕಂಕುಳಲ್ಲಿತ್ತು. ನನ್ನ ಗೇಟಿಗೆ ಬಂದು, ಮಣೆ ನೋಡಿ, ನನ್ನನ್ನು ನೋಡಿ, ಪಕ್ಕದ ಹೊಸ್ತಿಲು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಆದರೆ ತಿರುಗಿ, ಅವರ ವಯಸ್ಸಿಗೆ ಮೀರಿದ ಬಿರುಸಿನಲ್ಲಿ ವಾಪಸು ನಡೆದರು. ಪ್ರಭಾವತಿಯ ಗೇಟು ತೆಗೆದ ಸದ್ದು ಕೇಳಿತು. ಆಮೇಲೆ ಮತ್ತೊಂದು ಗೇಟು. ಅಷ್ಟು ಹೊತ್ತಿಗೆ ನನಗೆ ಕುತ್ತಿಗೆ ಭಾರವಾಗತೊಡಗಿತ್ತು. ಅವರು ಯಾರಿಗೆ ಏನು ದೂರು ಹೇಳಲು ಹೊರಟರೆಂದು ಯೋಚಿಸುವ ಶಕ್ತಿ ಉಳಿಯಲಿಲ್ಲ.

ಮಾರನೆಯ ದಿನ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ತಲೆ ಎತ್ತಲಾಗಲಿಲ್ಲ. ಕುತ್ತಿಗೆಯಲ್ಲಿ ಒದ್ದೆ ಮರಳಿನ ಮೂಟೆ, ಬಲಗೈಯ ಎರಡು ಬೆರಳು ನನ್ನವಲ್ಲವೆಂಬಂತೆ. ಮೆಹರುನ್ನೀಸಾಳದು ನಲವತ್ತೂ ದಿನದ್ದು ಬಂದಿತ್ತು. ಹಳೆಯ ಅಭ್ಯಾಸದಂತೆ ಉಳಿದವರನ್ನು ಹುಡುಕಿದೆ. ಅಂಗಾಲು ಹಗುರವಾಗಿತ್ತು. ಗಂಟಲಿನಲ್ಲಿ ಏನೂ ಇರಲಿಲ್ಲ. ಸೊಂಟ, ಭುಜ, ಮೀನಖಂಡ, ಎಲ್ಲ ಕಡೆ ಒಂದೊಂದಾಗಿ ವಿಚಾರಿಸಿದೆ. ಒಬ್ಬರದೂ ಬಂದಿರಲಿಲ್ಲ. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಒಂದೇ ಒಂದು ದೀಪ ಉರಿದು ಮಿಕ್ಕೆಲ್ಲ ಲೈನು ಸುಮ್ಮನಿದ್ದಂತೆ.

ಆಗ ಅರ್ಥವಾಯಿತು ಶ್ರೀಪಾಲಯ್ಯನವರು ಗೇಟು ಗೇಟಿಗೆ ಹೋಗಿ ಏನು ಹೇಳಿದರೆಂದು. ಆ ಸಂಜೆ ನಮ್ಮ ರಸ್ತೆಯಲ್ಲಿ ಒಂದು ಮನೆ ಬಿಟ್ಟು ಎಲ್ಲರ ಚಪ್ಪಲಿಯೂ ಒಳಗಡೆಗೆ ಮುಖ ಮಾಡಿತ್ತು. ಕಿಟಕಿಯಿಂದ ಬೀದಿ ಕೇಳಿಸುತ್ತಿತ್ತು. ಯಾರೋ ಕಾಲೆಳೆದುಕೊಂಡು ಬಸ್ಸಿಗೆ ಹೋದರು. ಪ್ರಭಾವತಿ ಯಾರ ಮೇಲೋ ರೇಗಿದಳು, ಅವಳ ದನಿ ಒಡೆದಿತ್ತು. ಯಾವುದೋ ಮನೆಯ ಕುಕ್ಕರು ಒದ್ದೆ ಬಟ್ಟೆಯಿಲ್ಲದೆ ಕೂಗಿತು. ಬಟ್ಟೆ ಹಾಕುವಷ್ಟೂ ಚೈತನ್ಯವಿರಲಿಲ್ಲವೇನೋ. ಮೂವತ್ತೊಂದು ವರ್ಷದಲ್ಲಿ ನಮ್ಮ ರಸ್ತೆಯಲ್ಲಿ ಅಷ್ಟು ಸದ್ದು ನಾನು ಕೇಳಿರಲಿಲ್ಲ. ಪಕ್ಕದ ಮನೆಯ ಹೊಲಿಗೆ ಯಂತ್ರವೊಂದೇ ಮಾತಾಡಲಿಲ್ಲ.

ಮಧ್ಯಾಹ್ನ ಮೆಹರುನ್ನೀಸಾ ಬಂದಳು. ಕೆನ್ನೆಯ ಮೇಲೆ ಚಾಪೆಯ ಗೆರೆಯಿತ್ತು. "ಹನ್ನೊಂದು ಗಂಟೆವರೆಗೂ ಮಲಗಿಬಿಟ್ಟೆ ಅಮ್ಮ," ಎಂದು ತಪ್ಪು ಮಾಡಿದವಳಂತೆ ಹೇಳಿದಳು. ಮೆತ್ತಗಿನ ಅನ್ನ, ಸಾರು ಕಲಸಿ ಚಮಚದಲ್ಲಿ ಬಾಯಿಗಿಟ್ಟಳು. ಚಮಚ ಹಿಡಿದ ಎರಡು ಬೆರಳು ನೆಟ್ಟಗಿದ್ದವು. ನಾನು ಅವನ್ನೇ ನೋಡುತ್ತಾ ನುಂಗಿದೆ.

"ನಿಮ್ಮದು ನನಗೆ ಗೊತ್ತಿತ್ತು," ಅಂದಳು.

"ಏನು?"

"ಸರದಿ ದಿನ ಬರ್ತಿತ್ತಲ್ಲ, ನಿಮ್ಮ ಮನೆಯಿಂದ. ಮೊದಲೆಲ್ಲ ಮಂಡಿದು. ಈ ಎಂಟು ತಿಂಗಳಿಂದ ಬೇರೆ ಥರ. ಕೂತು ಕೂತು ಬಾಗಿಲ ಕಡೆ ನೋಡೋರ ದಣಿವು. ಎಲ್ಲಿ ಅಂತ ಗೊತ್ತಾಗಲ್ಲ, ಮೈಯೆಲ್ಲ ಇರುತ್ತೆ. ಅದು ಬಂದ ದಿನ ನನಗೆ ಅಳು ಬರ್ತಿತ್ತು."

"ಹೇಳಬಾರದಾಗಿತ್ತಾ?"

"ಏನಂತ ಹೇಳ್ಲಿ? ಎರಡು ಸಲ ನಿಮ್ಮ ಕಾಂಪೌಂಡ್ ಮೇಲೆ ಏನಾದರೂ ಇಡೋಣ ಅಂತ ಬಂದೆ. ಅದಕ್ಕೆ ಏನು ಇಡಬೇಕು ಅಂತ ಗೊತ್ತಾಗಲಿಲ್ಲ."

ನನಗೂ ಗೊತ್ತಿರಲಿಲ್ಲ. ಅವಳು ಬಾಯಿ ಒರೆಸಿ, ದಿಂಬಿನ ಪಕ್ಕದಲ್ಲಿದ್ದ ರವಿಕೆ ಕಂಡು ಬಿಡಿಸಿ ನೋಡಿದಳು. ಎರಡು ಎಡಗೈ ತೋಳು ನೋಡಿ ಬಾಯಿಗೆ ಕೈ ಹಿಡಿದು ನಕ್ಕಳು. ನಾನೂ ನಕ್ಕೆನೆಂದು ಕಾಣುತ್ತದೆ. ಮುಖ ಅಲುಗಿದ್ದು ಗೊತ್ತಾಗಲಿಲ್ಲ. ಅಲ್ಲೇ ನನ್ನ ಕಾಲ ಬಳಿ ಕೂತು ಹೊಲಿಗೆ ಬಿಚ್ಚತೊಡಗಿದಳು.

ಸಂಜೆ ಮಣೆ ಒಯ್ಯುವ ಹೊತ್ತಿಗೆ ನಾನು ಏಳಲಿಲ್ಲ. ಮೆಹರುನ್ನೀಸಾಳೇ ಅದನ್ನು ಎತ್ತಿಕೊಂಡು ತನ್ನ ಮನೆಗೆ ಹೋದಳು, ನನ್ನ ನಂತರದ ಸರದಿ ಅವಳದೇ. ಮಾರನೆಯ ದಿನವೂ ಮಲಗಿದ್ದೆ. ಮೂರನೆಯ ದಿನ ಬೆಳಿಗ್ಗೆ ಕುತ್ತಿಗೆ ತಾನಾಗಿ ತಿರುಗಿತು. ಗೋಡೆ ಹಿಡಿದುಕೊಂಡು ಜಗುಲಿಗೆ ಬಂದರೆ ಕಾಂಪೌಂಡಿನ ಮೇಲೆ ಒಂದು ಪೊಟ್ಟಣ ಕಲ್ಲುಸಕ್ಕರೆ, ಎಳ್ಳೆಣ್ಣೆಯ ಬಾಟಲಿ, ಒಂದು ಕಟ್ಟು ದಂಟು. ಅದರ ಪಕ್ಕದಲ್ಲಿ ಶ್ರೀಪಾಲಯ್ಯನವರು ನಿಂತಿದ್ದರು. ಆ ಬೆಳಿಗ್ಗೆ ಅದು ಅವರ ಎಷ್ಟನೇ ಸಲವೋ.

"ಎದ್ರಾ," ಅಂದರು. ಅಷ್ಟು ಹೇಳುವುದಕ್ಕೆ ಎರಡು ಸಲ ಕೆಮ್ಮಿದರು.

"ಎದ್ದೆ. ನನ್ನ ಮುಂದಿನ ಸರದಿ ಯಾವತ್ತು?"

ಅವರು ಪುಸ್ತಕ ತೆಗೆದು ಕಾಂಪೌಂಡಿನ ಮೇಲೆ, ದಂಟಿನ ಸೊಪ್ಪಿನ ಪಕ್ಕದಲ್ಲಿ ಬಿಚ್ಚಿದರು. ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಏನನ್ನೋ ಬಹಳ ಹೊತ್ತು ಉಜ್ಜಿದರು. ಹೊಟ್ಟು ಊದಿದರು. ಆಮೇಲೆ ಬೆರಳು ಮಡಚಿ ಎಣಿಸಿದರು, ಮಧ್ಯದಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು.

"ನೀವು ಕೂತ ದಿನದಿಂದ," ಅಂದರು, ನನ್ನ ಮುಖ ನೋಡದೆ, "ಹನ್ನೊಂದು ದಿನಕ್ಕೆ."